ಹಳಿ ಕಿತ್ತ ಮಹಾನುಭಾವರಿಗೆ ಸೈಕಲ್ ಸವಾರನ ನಮಸ್ಕಾರ

ಇವರಿಗೆ,
ಡಾ. ರಿಚರ್ಡ್ ಬೀಚಿಂಗ್,
ಮಾಜಿ ಅಧ್ಯಕ್ಷರು, ಬ್ರಿಟಿಷ್ ರೈಲ್ವೆ ಮಂಡಳಿ,
ಸದ್ಯದ ವಿಳಾಸ: ಪರಲೋಕ (ರೈಲು ಸಂಪರ್ಕ ಇನ್ನೂ ಉಳಿದಿದ್ದರೆ)

ಮಾನ್ಯರೇ,

ತಮ್ಮ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರ ಮುಖದಲ್ಲಿ ನಗು ಮೂಡಿದರೆ ಬೇಸರಿಸಬೇಡಿ. ನಮ್ಮಲ್ಲೂ ಒಬ್ಬ ಬೀಚಿ ಇದ್ದರು. ತಾವು ಹುಟ್ಟಿದ 1913ರ ಏಪ್ರಿಲ್‌ನಲ್ಲೇ, ತಮಗಿಂತ ಎರಡೇ ದಿನ ತಡವಾಗಿ, ಹರಪನಹಳ್ಳಿಯಲ್ಲಿ ಹುಟ್ಟಿದವರು. ಅವರು ಊರೂರು ನಗಿಸಿದರು, ತಾವು ಊರೂರಿನ ಸ್ಟೇಷನ್ನು ಮುಚ್ಚಿಸಿದಿರಿ. ಆದರೂ ಸೈಕಲ್ ತುಳಿಯುವ ನಮ್ಮಂಥವರು ಮೊದಲು ಕೈಮುಗಿಯಬೇಕಾದ್ದು ತಮಗೇ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಕಾರಿನ ಹಾರ್ನು, ಲಾರಿಯ ಹೊಗೆ ಒಂದೂ ಇಲ್ಲದೆ ಮೈಲಿಗಟ್ಟಲೆ ಸಾಗುವ ಹಾದಿಗಳನ್ನು ಕರುಣಿಸಿದ್ದೀರಿ. ಕರುಣಿಸಿದ್ದು ತಮಗೇ ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ತಾವು ಭೌತವಿಜ್ಞಾನಿ. ಐಸಿಐ ಎಂಬ ರಾಸಾಯನಿಕ ಕಂಪನಿಯಿಂದ ತಮ್ಮನ್ನು ಕರೆತಂದು, ವರ್ಷಕ್ಕೆ 24,000 ಪೌಂಡು, ಅಂದರೆ ಪ್ರಧಾನಿಗೂ ಇಲ್ಲದಷ್ಟು ಸಂಬಳ ಕೊಟ್ಟು, ನಷ್ಟದ ರೈಲ್ವೆಯನ್ನು ಕೈಗಿತ್ತರು. 1963ರ ಮಾರ್ಚ್‌ನಲ್ಲಿ ತಮ್ಮ ವರದಿ ಹೊರಬಂತು: 2,363 ಸ್ಟೇಷನ್ನು, ಸುಮಾರು 5,000 ಮೈಲಿ ಹಾದಿ, ಎಲ್ಲಕ್ಕೂ ಬೀಗ. ದೇಶದ ಅರ್ಧದಷ್ಟು ಸ್ಟೇಷನ್ನುಗಳಿಂದ ಬರುವ ಆದಾಯ ನೂರಕ್ಕೆ ಎರಡು ಮಾತ್ರ ಎಂದಿರಿ. ಕೂಡುವುದರಲ್ಲಿ, ಕಳೆಯುವುದರಲ್ಲಿ ತಪ್ಪು ಹುಡುಕುವಷ್ಟು ಬುದ್ಧಿವಂತ ನಾನಲ್ಲ. ಆದರೆ ಪ್ರಯಾಣಿಕರನ್ನು ಎಣಿಸಿದ್ದು ಏಪ್ರಿಲ್ ತಿಂಗಳ ಒಂದು ವಾರ. ಕಡಲತೀರದ ಊರುಗಳಿಗೆ ಇಂಗ್ಲಿಷರು ಹೊರಡುವುದು ಜುಲೈ, ಆಗಸ್ಟ್‌ನಲ್ಲಿ. ಏಪ್ರಿಲ್‌ನ ಚಳಿಗಾಳಿಯಲ್ಲಿ ಅಲ್ಲಿ ಯಾರೂ ಸಿಗಲಿಲ್ಲ, ಆದ್ದರಿಂದ ಯಾರಿಗೂ ರೈಲು ಬೇಡ. ಹಳ್ಳಿಯ ಸ್ಟೇಷನ್ನಿನಲ್ಲಿ ಹತ್ತಿ ಲಂಡನ್ನಿಗೆ ಹೋಗುವಾಕೆಯನ್ನು ಮುಖ್ಯ ಮಾರ್ಗದ ಲಾಭದಲ್ಲಿ ಸೇರಿಸಿದಿರಿ, ಆಕೆ ಹತ್ತಿದ ಕವಲು ಹಾದಿಯನ್ನು ನಷ್ಟದಲ್ಲಿ ಬರೆದಿರಿ. ಕವಲು ಹೋದ ಮೇಲೆ ಆಕೆ ಕಾರು ಕೊಂಡಳು. ಆಗ ಮುಖ್ಯ ಮಾರ್ಗಕ್ಕೂ ಆಕೆ ಇಲ್ಲ.

ತಮ್ಮನ್ನು ನೇಮಿಸಿದ ಸಾರಿಗೆ ಮಂತ್ರಿ ಅರ್ನೆಸ್ಟ್ ಮಾರ್ಪಲ್ಸ್ ಅವರನ್ನೂ ಇಲ್ಲಿ ನೆನೆಯದಿದ್ದರೆ ಋಣ ಉಳಿದೀತು. ಅವರು ರಸ್ತೆ, ಸೇತುವೆ ಕಟ್ಟುವ ಕಂಪನಿಯೊಂದನ್ನು ಹುಟ್ಟುಹಾಕಿದವರು. ಮಂತ್ರಿಯಾದ ಮೇಲೆ ಪಾರ್ಲಿಮೆಂಟಿನಲ್ಲಿ ಗಲಾಟೆಯಾಗಿ ಷೇರುಗಳನ್ನು ಬಿಟ್ಟುಕೊಡಬೇಕಾಯಿತು. ರಸ್ತೆ ಕಂಟ್ರಾಕ್ಟರರು ಮಂತ್ರಿಗಳಾಗುವುದು ಕರ್ನಾಟಕದವರಿಗೆ ಅಷ್ಟೇನೂ ಹೊಸ ಸುದ್ದಿಯಲ್ಲ. ಷೇರು ಬಿಟ್ಟುಕೊಟ್ಟರು ಎನ್ನುವುದಷ್ಟೇ ಹೊಸದು. 1964ರ ಚುನಾವಣೆಯಲ್ಲಿ ಲೇಬರ್ ಪಕ್ಷದವರು ಈ ಮುಚ್ಚುವಿಕೆ ನಿಲ್ಲಿಸುತ್ತೇವೆಂದು ಮಾತು ಕೊಟ್ಟು ಗೆದ್ದರು, ಗೆದ್ದು ಮುಚ್ಚುತ್ತಲೇ ಹೋದರು. 1965ರಲ್ಲಿ ತಾವು ಲಾರ್ಡ್ ಪದವಿ ಪಡೆದು ಹಳೆಯ ಕಂಪನಿಗೆ ಮರಳಿದಿರಿ. ಜನ ‘ಬೀಚಿಂಗ್ ಕೊಡಲಿ’ ಎಂದು ಕರೆದ ಈ ಕಡಿತ ಮಾತ್ರ ತಮ್ಮನ್ನು ಕಾಯದೆ ಕೆಲಸ ಮುಂದುವರಿಸಿತು.

ಇನ್ನು ನಮ್ಮ ಸುಖದ ವಿಚಾರ. ಉಗಿಬಂಡಿಗೆ ಏರು ಆಗದು. ನೂರು ಅಡಿ ಮುಂದೆ ಹೋಗುವಲ್ಲಿ ಒಂದೋ ಎರಡೋ ಅಡಿ ಮೇಲೇರಿದರೂ ಏದುಸಿರು. ಅದಕ್ಕಾಗಿ ವಿಕ್ಟೋರಿಯಾ ಕಾಲದ ಎಂಜಿನಿಯರುಗಳು ಗುಡ್ಡ ಕಡಿದರು, ಕಣಿವೆ ತುಂಬಿದರು, ಸುರಂಗ ಕೊರೆದರು, ಕಮಾನು ಸೇತುವೆ ಕಟ್ಟಿದರು. ನನ್ನ ಮಂಡಿಗೂ ಉಗಿಬಂಡಿಗೂ ಏರಿನ ವಿಚಾರದಲ್ಲಿ ಒಂದೇ ಅಭಿಪ್ರಾಯವಿರುವುದರಿಂದ ಆ ಶ್ರಮವೆಲ್ಲ ನನಗಾಗಿಯೇ ನಡೆದಂತಿದೆ. ಸೈಕಲ್ಲಿಗಾಗಿ ಇಷ್ಟು ಖರ್ಚು ಮಾಡಿ ಎಂದು ಯಾವ ಸರ್ಕಾರವನ್ನು ಕೇಳಿದ್ದರೂ ನಕ್ಕು ಕಳಿಸುತ್ತಿತ್ತು. ರೈಲಿಗೆಂದು ಕಟ್ಟಿ, ರೈಲನ್ನು ಕೊಂದು, ಉತ್ತರಕ್ರಿಯೆಯ ಊಟಕ್ಕೆ ನಮ್ಮನ್ನು ಕೂರಿಸುವುದೊಂದೇ ಉಳಿದಿದ್ದ ದಾರಿ.

ಬ್ರಿಸ್ಟಲ್‌ನಿಂದ ಬಾತ್‌ವರೆಗಿನ 13 ಮೈಲಿ ಹಾದಿಯನ್ನೇ ನೋಡಿ. 1869ರಲ್ಲಿ ಬಾತ್ ಮುಟ್ಟಿದ ಈ ಮಾರ್ಗದಲ್ಲಿ ಬಾತ್‌ಗೆ ಪ್ರಯಾಣಿಕರ ರೈಲು ನಿಂತದ್ದು 1966ರಲ್ಲಿ. ಇದನ್ನು ಸೈಕಲ್ ಪಥವಾಗಿಸಿದ್ದು ಸಾರಿಗೆ ಇಲಾಖೆ ಎಂದುಕೊಂಡಿದ್ದರೆ ತಾವು ತುಂಬ ದಿನ ಪರಲೋಕದಲ್ಲಿದ್ದೀರಿ ಎಂದರ್ಥ. 1977ರಲ್ಲಿ ಬ್ರಿಸ್ಟಲ್‌ನ ಕೆಲವರು ‘ಸೈಕಲ್‌ಬ್ಯಾಗ್’ ಎಂಬ ಗುಂಪು ಕಟ್ಟಿಕೊಂಡರು. ಜಾನ್ ಗ್ರಿಮ್‌ಶಾ ಎಂಬ ಎಂಜಿನಿಯರ್ ಮುಂದೆ ನಿಂತರು. 1979ರಿಂದ 1986ರವರೆಗೆ ಸ್ವಯಂಸೇವಕರು ಗುದ್ದಲಿ ಹಿಡಿದು ಹಾದಿ ಹಾಸಿದರು. ಆ ಗುಂಪೇ ‘ಸಸ್ಟ್ರಾನ್ಸ್’ ಸಂಸ್ಥೆಯಾಗಿ ಬೆಳೆದು, 1995ರಲ್ಲಿ ರಾಷ್ಟ್ರೀಯ ಸೈಕಲ್ ಜಾಲಕ್ಕೆಂದು 40 ಮಿಲಿಯನ್‌ಗೂ ಹೆಚ್ಚು ಪೌಂಡು ಪಡೆಯಿತು. ಆ ಹಣ ಬಂದದ್ದು ಲಾಟರಿಯಿಂದ. ಮೋಟಾರು ರಸ್ತೆಗೆ ಖಜಾನೆ, ಸೈಕಲ್ ಹಾದಿಗೆ ಲಾಟರಿ. ಸರ್ಕಾರಗಳು ಯಾವುದನ್ನು ಹಕ್ಕೆಂದು ಭಾವಿಸುತ್ತವೆ, ಯಾವುದನ್ನು ಅದೃಷ್ಟಕ್ಕೆ ಬಿಡುತ್ತವೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಬಜೆಟ್ ಭಾಷಣವೂ ಹೇಳಿಲ್ಲ.

ಬಾತ್‌ನ ದಕ್ಷಿಣಕ್ಕೆ ಕೂಂಬ್ ಡೌನ್ ಸುರಂಗವಿದೆ, ಒಂದು ಮೈಲಿಗಿಂತ ತುಸು ಉದ್ದ. ಗಾಳಿಗಿಂಡಿಯಿಲ್ಲದ ಆ ಕತ್ತಲಲ್ಲಿ 1929ರಲ್ಲಿ ಹೊಗೆ ಕುಡಿದು ಎಂಜಿನ್ ಸಿಬ್ಬಂದಿಗೆ ಪ್ರಜ್ಞೆ ತಪ್ಪಿತು. ಗೂಡ್ಸ್ ಗಾಡಿ ಹಿಡಿತವಿಲ್ಲದೆ ಇಳಿಜಾರಿನಲ್ಲಿ ಓಡಿ ಬಾತ್ ಯಾರ್ಡಿನಲ್ಲಿ ಅಪ್ಪಳಿಸಿತು. 2013ರಲ್ಲಿ ಅದೇ ಸುರಂಗ ಸೈಕಲ್ಲಿಗೆ ತೆರೆಯಿತು. ಈಗ ನಡುಸುರಂಗದಲ್ಲಿ ದೀಪ ಮಿನುಗುತ್ತದೆ, ಸಂಗೀತ ಕೇಳಿಸುತ್ತದೆ. ಡರ್ಬಿಶೈರ್‌ನ ಮಾನ್ಸಲ್ ಕಣಿವೆಯಲ್ಲಿ ರೈಲು ಸೇತುವೆ ಕಟ್ಟಿ ಚೆಲುವು ಕೆಡಿಸಿದರೆಂದು ಲೇಖಕ ಜಾನ್ ರಸ್ಕಿನ್ ಕೆಂಡವಾಗಿದ್ದರು. 1968ರಲ್ಲಿ ರೈಲು ಹೋಯಿತು. ಎರಡೇ ವರ್ಷಕ್ಕೆ ಆ ಸೇತುವೆಯನ್ನೇ ಸಂರಕ್ಷಿತ ಸ್ಮಾರಕದ ಪಟ್ಟಿಗೆ ಸೇರಿಸಿದರು. 2011ರಲ್ಲಿ ಆ ಮಾರ್ಗದ ಸುರಂಗಗಳೂ ಸೈಕಲ್ಲಿಗೆ ತೆರೆದ ಮೇಲೆ ಜನ ಚೆಲುವು ನೋಡಲು ನಿಲ್ಲುವುದು ಅದೇ ಸೇತುವೆಯ ಮೇಲೆ. ಬದುಕಿರುವಾಗ ಬೈಸಿಕೊಂಡು ಸತ್ತ ಮೇಲೆ ಹೊಗಳಿಸಿಕೊಳ್ಳುವ ಭಾಗ್ಯ ಸಾಹಿತಿಗಳಿಗಷ್ಟೇ ಮೀಸಲೆಂದು ತಿಳಿದಿದ್ದೆ.

ಆದರೆ ಈ ಹಾದಿಗೆ ಬರುವುದು ಹೇಗೆ? ರೈಲಿನಲ್ಲಿ ಬರೋಣವೆಂದರೆ ತಾವು ಬಿಟ್ಟಿಲ್ಲ. ಬದಲಿಗೆ ಬಸ್ಸು ಓಡಿಸುತ್ತೇವೆಂದರು, ಎಷ್ಟೋ ಕಡೆ ಅದೂ ನಿಂತಿತು. ಹಾಗಾಗಿ ಕುಟುಂಬಗಳು ಕಾರಿನ ಬೆನ್ನಿಗೆ ನಾಲ್ಕು ಸೈಕಲ್ ಕಟ್ಟಿಕೊಂಡು, ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಬೆವೆತು, ಹಳೆಯ ಸ್ಟೇಷನ್ನಿನ ಅಂಗಳದಲ್ಲಿ ಪಾರ್ಕಿಂಗ್ ಶುಲ್ಕ ತೆತ್ತು, ವಾಹನಮುಕ್ತ ಪರಿಸರವನ್ನು ಅನುಭವಿಸುತ್ತವೆ. ಹಾದಿಯಾದರೂ ಕೊನೆಯವರೆಗೆ ಇದೆಯೇ? ಮುಚ್ಚಿದ ಮಾರ್ಗದ ನೆಲವನ್ನು ತುಂಡು ತುಂಡಾಗಿ ಮಾರಿದ್ದಾರೆ. ಒಂದು ಕಡೆ ಸೇತುವೆ ಕೆಡವಿದ್ದಾರೆ, ಇನ್ನೊಂದು ಕಡೆ ಯಾರದೋ ಅಡುಗೆಮನೆ ಎದ್ದಿದೆ. ಹೀಗೆ ಗುನುಗುತ್ತ ಬಂದ ಸವಾರ ಇದ್ದಕ್ಕಿದ್ದಂತೆ ಲಾರಿಗಳ ನಡುವೆ ಬಂದು ಬೀಳುತ್ತಾನೆ. ಅಲ್ಲೊಂದು ಫಲಕ: ಸೈಕಲ್ ಸವಾರರೇ, ಕೆಳಗಿಳಿಯಿರಿ. ಲಾರಿಯವರೇ ಇಳಿಯಿರಿ ಎಂಬ ಫಲಕವನ್ನು ನಾನಿನ್ನೂ ಎಲ್ಲಿಯೂ ಕಂಡಿಲ್ಲ.

ನಮ್ಮ ನಾಡಿನಲ್ಲಿ ತಮ್ಮಂಥವರಿಗೆ ಹೆಚ್ಚು ಅವಕಾಶ ಸಿಗಲಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕುವ ತನಕ, ಸುಮಾರು ಒಂದು ದಶಕ ರೈಲಿರಲಿಲ್ಲ. ಬೆಂಗಳೂರಿನ ಚಾರಣಿಗರು ಯಡಕುಮರಿಯ ಸುರಂಗಗಳಲ್ಲಿ ಟಾರ್ಚು ಹಿಡಿದು ಓಡಾಡಿದ್ದೇ ಓಡಾಡಿದ್ದು. ಆಮೇಲೆ ರೈಲು ಬಂತು, ಚಾರಣಿಗರು ಹೊರಬಿದ್ದರು. ಇನ್ನು ಸೈಕಲ್ ಹಾದಿಯೆಂದರೆ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ಸೈಕಲ್ ಪಥ ಮಾಡಿದರು. ಅದರ ಸದುಪಯೋಗ ಪಡೆದವರು ಮುಖ್ಯವಾಗಿ ಮೋಟಾರ್ ಬೈಕಿನವರು.

ಈಗ ಅಸಲು ಸಂಕಟಕ್ಕೆ ಬರುತ್ತೇನೆ. ಆ ಕೊಡಲಿಯ ಕಾಲದಲ್ಲಿ ಸತ್ತ ರೈಲುಗಳು ಎದ್ದು ಬರುತ್ತಿವೆ. ಎಡಿನ್‌ಬರೋದಿಂದ ದಕ್ಷಿಣಕ್ಕೆ 1969ರಲ್ಲಿ ನಿಂತಿದ್ದ ರೈಲು 2015ರಲ್ಲಿ ಟ್ವೀಡ್‌ಬ್ಯಾಂಕ್‌ವರೆಗೆ ಮತ್ತೆ ಓಡಿತು. ಡೆವನ್‌ನ ಓಕ್‌ಹ್ಯಾಂಪ್ಟನ್‌ಗೆ 2021ರಲ್ಲಿ ನಿತ್ಯದ ರೈಲು ಮರಳಿತು. ಮಾನ್ಸಲ್ ಕಣಿವೆಯಲ್ಲೂ ರೈಲು ಬೇಕೆಂದು ಕೇಳುವವರಿದ್ದಾರೆ. ಹಾಗಾದರೆ ಸೈಕಲ್ ಹಾದಿಯ ಗತಿಯೇನೆಂದು ನಮ್ಮವರು ಎದೆ ಬಡಿದುಕೊಳ್ಳುತ್ತಾರೆ. ಬ್ರಿಸ್ಟಲ್ ಹಾದಿಯ ಮೇಲೆ ಬಸ್ಸು ಓಡಿಸುವ ಯೋಜನೆ 2008ರಲ್ಲಿ ಬಂದಾಗ ಜನ ಬೀದಿಗಿಳಿದು ಅದನ್ನು ಮೂಲೆಗೆ ತಳ್ಳಿದರು. ಬಸ್ಸು, ರೈಲು, ಸೈಕಲ್ಲು ಎಂಬ ಕಾರಿಲ್ಲದ ಬಡಪಾಯಿಗಳು ಮೂವರೂ ಹತ್ತಡಿ ಅಗಲದ ಒಂದೇ ಪಟ್ಟಿಗಾಗಿ ಕಿತ್ತಾಡುತ್ತಿದ್ದೇವೆ. ಪಕ್ಕದ ಆರು ಪಥದ ರಸ್ತೆ ಯಾರಿಗೂ ಲೆಕ್ಕ ಒಪ್ಪಿಸದೆ ಹಾಯಾಗಿದೆ. ಹಳ್ಳಿಯ ರೈಲು ಬದುಕಬೇಕಾದರೆ ಲಾಭ ತೋರಿಸಬೇಕಿತ್ತು. ಹಳ್ಳಿಯ ರಸ್ತೆಯನ್ನು ಆ ಪ್ರಶ್ನೆ ಕೇಳಿದವರಿಲ್ಲ.

ಆದ್ದರಿಂದ ಮಹಾಸ್ವಾಮಿ, ಒಂದು ಬಿನ್ನಹ. ಅಲ್ಲಿಂದಲೇ ಇನ್ನೊಂದು ವರದಿ ಬರೆದು ಕಳಿಸಿ, ಈ ಸಲ ರಸ್ತೆಗಳ ಮೇಲೆ. ಅದೇ ವಿಧಾನ, ಅದೇ ಕಟ್ಟುನಿಟ್ಟು: ಏಪ್ರಿಲ್‌ನ ಒಂದು ವಾರ ಪ್ರತಿ ರಸ್ತೆಯ ಬದಿಗೂ ಒಬ್ಬ ಗುಮಾಸ್ತನನ್ನು ಕೂರಿಸಿ ಕಾರುಗಳನ್ನು ಎಣಿಸಿರಿ. ಡಾಂಬರಿನ ಖರ್ಚು ಹುಟ್ಟಿಸದ ರಸ್ತೆಗಳ ಪಟ್ಟಿ ಮಾಡಿ. ಕಾರಿನವರಿಗೆ ಬದಲಿ ವ್ಯವಸ್ಥೆಯಾಗಿ ದಿನಕ್ಕೆರಡು ಬಸ್ಸು ಘೋಷಿಸಿ, ಎರಡು ವರ್ಷದ ನಂತರ ನಿಲ್ಲಿಸಿ. ಹಾಗೆ ತೆರವಾದ ಹಾದಿಗಳು ನಮಗಿರಲಿ, ರೈಲಿನ ಹಾದಿಯನ್ನು ಸಂತೋಷವಾಗಿ ರೈಲಿಗೇ ಬಿಟ್ಟುಕೊಡುತ್ತೇವೆ. ಹಳಿ ಹಾಸಲು ಗುದ್ದಲಿ ಹಿಡಿಯಲೂ ತಯಾರಿದ್ದೇವೆ, ಅಭ್ಯಾಸವಂತೂ ನಮ್ಮವರಿಗೆ ಇದೆ. ಸಂಬಳದ ವಿಚಾರ ಮೊದಲೇ ಹೇಳಿಬಿಡುತ್ತೇನೆ: 24,000 ಪೌಂಡು ನಮ್ಮಿಂದಾಗದು. ಲಾಟರಿಗೆ ಅರ್ಜಿ ಹಾಕಿಕೊಳ್ಳಿ.

ಇತಿ ತಮ್ಮ ವಿಶ್ವಾಸಿ,
ಕೆಳಗಿಳಿಯಲು ಒಪ್ಪದ ಒಬ್ಬ ಸೈಕಲ್ ಸವಾರ