ಅರ್ಜಿ ರಾಯರು

ನಮ್ಮ ಮೈಸೂರಿನ ಅಗ್ರಹಾರದ ಅರ್ಜಿ ರಾಯರಂಥವರು ನಿಮ್ಮ ಬೀದಿಯಲ್ಲೂ ಒಬ್ಬರಿರುತ್ತಾರೆ. ನಿವೃತ್ತರು. ಕಂಕುಳಲ್ಲಿ ರಟ್ಟಿನ ಫೈಲು, ಜೇಬಲ್ಲಿ ಎರಡು ಪೆನ್ನು. ಒಂದು ತಮಗೆ, ಇನ್ನೊಂದು ‘ಪೆನ್ನಿಲ್ಲ’ ಎಂದು ಜಾರಿಕೊಳ್ಳುವವರಿಗೆ. ಕಸ ಹಾಕಲು ಹೊಸ ಜಾಗ ನೋಡುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಬಂದರೆ ಸಾಕು, ಕಾಫಿ ಹೊತ್ತಿಗೆ ನಮ್ಮ ಗೇಟಿನ ಚಿಲಕ ಸದ್ದಾಗುತ್ತದೆ.

ವಿದ್ಯಾರಣ್ಯಪುರದ ಸೂಯೆಜ್ ಫಾರಂ ವಿಷಯದಲ್ಲಿ ರಾಯರ ಸಿಟ್ಟು ನ್ಯಾಯವಾದದ್ದೇ. ವರ್ಷಗಟ್ಟಲೆ ಸುರಿದ ಕಸ ಅಲ್ಲಿ ಗುಡ್ಡವಾಗಿತ್ತು. 2015ರಲ್ಲೂ 2016ರಲ್ಲೂ ಮೈಸೂರು ದೇಶಕ್ಕೇ ಮೊದಲ ಸ್ವಚ್ಛ ನಗರ ಎನಿಸಿಕೊಂಡಾಗ ನಾವೆಲ್ಲ ಬೀಗಿದೆವು. ರಾಯರು ಮಾತ್ರ, “ಬಹುಮಾನ ಕೊಟ್ಟವರನ್ನ ಸಂಜೆ ನಮ್ಮ ಮಗಳ ಮನೆ ಮಾಳಿಗೆ ಮೇಲೆ ಕೂರಿಸ್ರೀ” ಅಂದರು. ಮಗಳ ಮನೆ ಆ ಗುಡ್ಡದ ಹತ್ತಿರದ ಜೆ.ಪಿ. ನಗರದಲ್ಲಿ.

ಆಮೇಲೆ ರಾಯನಕೆರೆ, ಕೆಸರೆಯಲ್ಲೂ ಕಸದ ಘಟಕ ಮಾಡುವ ಮಾತು ಬಂತು. ಫೈಲೂ ಬಂತು. ರಾಯನಕೆರೆ ಕಡೆ ರಾಯರ ಭಾವಮೈದನ ಸೈಟು, ಕೆಸರೆ ಕಡೆ ಷಡ್ಡಕರ ಮನೆ.

“ಹಾಗಾದ್ರೆ ಎಲ್ಲಿ ಹಾಕೋದು ರಾಯರೇ?”

“ಊರಾಚೆ ಹಾಕ್ಲಿ.”

ಊರಾಚೆಯೂ ಊರೇ ಇರುತ್ತಲ್ಲ ಅಂದೆ. ಬೆಂಗಳೂರಿನ ಕಸ ಸಹಿಸಿ ಸಾಕಾಗಿ ಮಂಡೂರಿನವರು 2014ರಲ್ಲಿ ಲಾರಿ ತಡೆದದ್ದು, ಡಿಸೆಂಬರ್ 1ರಿಂದ ನಿಲ್ಲಿಸುತ್ತೇವೆ ಎಂದು ಸರ್ಕಾರ ಮಾತು ಕೊಟ್ಟದ್ದು ಎಲ್ಲ ಹೇಳಿದೆ. ರಾಯರ ಕಣ್ಣು ಅರಳಿತು. “ಅವರ ಅರ್ಜಿ ನಕಲು ಸಿಗುತ್ತಾ?”

ಸಹಿ ಹಾಕಿ ಕಳಿಸುವಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ರಾಯರು ಅರ್ಜಿಯನ್ನು ಓದುತ್ತಾರೆ. ‘ವಿಷಯ’ದಿಂದ ಹಿಡಿದು ‘ತಮ್ಮ ವಿಶ್ವಾಸಿ’ವರೆಗೆ, ಗಟ್ಟಿಯಾಗಿ. ತಟ್ಟೆಯಲ್ಲಿ ಉಪ್ಪಿಟ್ಟು ಆರುತ್ತದೆ. “ನೀವು ಪತ್ರಿಕೆಗೆ ಬರೆಯೋರು, ಸ್ವಲ್ಪ ತಿದ್ದಿ” ಅನ್ನುತ್ತಾರೆ. ‘ಅಸಹನೀಯ, ಅಮಾನವೀಯ, ಅಕ್ಷಮ್ಯ, ಅವರ್ಣನೀಯ ದುರ್ನಾತ’ದಲ್ಲಿ ಮೂರನ್ನು ಹೊಡೆದುಹಾಕಿದೆ. ಅಲ್ಲೇ ಕೂತು ಮೂರನ್ನೂ ಮತ್ತೆ ಬರೆದರು. “ಓದಿದ ಗುಮಾಸ್ತನ ಕಣ್ಣಲ್ಲಿ ನೀರು ಬರಬೇಕು ಕಣ್ರೀ!”

ಇಷ್ಟಾಗಿ ರಾಯರ ಮನೆಯ ಕಸ ಒಂದೇ ಕರಿ ಕವರಿನಲ್ಲಿ ಬರುತ್ತದೆ. ಹೂಕೋಸಿನ ದಂಟು, ಮಾತ್ರೆ ಪಟ್ಟಿ, ಒಡೆದ ಬಲ್ಬು, ಹಳೆ ಅರ್ಜಿಯ ಕರಡು ಎಲ್ಲ ಅದರಲ್ಲೇ. ಹಸಿ, ಒಣ, ಅಪಾಯಕಾರಿ ಎಂದು ಮೂರು ಭಾಗ ಮಾಡಿ ಕೊಡಬೇಕೆಂದು 2016ರಲ್ಲೇ ನಿಯಮ ಬಂದಿತ್ತು. “ಬೇರೆ ಮಾಡಿ ಕೊಡಿ ಸ್ವಾಮಿ, ಎಷ್ಟು ಸಲ ಹೇಳ್ಲಿ?” ಎಂದು ಗಾಡಿಯ ಹೆಣ್ಣುಮಗಳು ಗದರಿದರೆ, “ಅದನ್ನ ಬರವಣಿಗೆಯಲ್ಲಿ ಕೊಡಮ್ಮ” ಅನ್ನುತ್ತಾರೆ! ಕುಂಬಾರಕೊಪ್ಪಲಿನ ಘಟಕದಲ್ಲಿ ಕಸ ಬಿಡಿಸಿ ಗೊಬ್ಬರ ಮಾಡುತ್ತಾರೆ, ಒಮ್ಮೆ ನೋಡಿ ಬನ್ನಿ ಅಂದೆ. “ಕುಂಬಾರಕೊಪ್ಪಲಲ್ಲಿ ನಮ್ಮೋರು ಯಾರೂ ಇಲ್ಲವಲ್ಲ” ಅಂದರು.

ಆದರೂ ಬಿಸಿಲಲ್ಲಿ ಸಯ್ಯಾಜಿರಾವ್ ರಸ್ತೆಯ ಪಾಲಿಕೆ ಕಚೇರಿಗೆ ನಡೆದು ಹೋಗಿ, ಸ್ವೀಕೃತಿ ಮೊಹರು ಒತ್ತಿಸಿಕೊಂಡು ಬರುವವರು ಇಡೀ ಬೀದಿಯಲ್ಲಿ ಅವರೊಬ್ಬರೇ. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಗಟ್ಟಿಯಾಗಿ ಓದಿದರೆ ಕೇಳುವವರಿಲ್ಲ. ಮೊಹರಿನ ಪ್ರತಿಗಳನ್ನು ಇಸವಿವಾರು ಜೋಡಿಸಿ ಟ್ರಂಕಿನಲ್ಲಿಟ್ಟಿದ್ದಾರೆ.

ಮೊನ್ನೆ ಮತ್ತೆ ಬಂದರು. ನಮ್ಮ ಬೀದಿಯ ಮೂಲೆಯ ಖಾಲಿ ಜಾಗದಲ್ಲೇ ಒಣಕಸ ವಿಂಗಡಿಸುವ ಶೆಡ್ಡು ಬರುತ್ತದಂತೆ. ಅದು ನನ್ನ ಮನೆಗೆ ಮೂರನೇ ಸೈಟು. ರಾಯರು ‘ವಿಷಯ’ ಓದಿ ಮುಗಿಸುವ ಮೊದಲೇ ಸಹಿ ಹಾಕಿದೆ. ವಿಶೇಷಣಗಳನ್ನು ಮುಟ್ಟಲಿಲ್ಲ; ‘ಅತ್ಯಂತ ಖಂಡನೀಯ’ ಅಂತ ಇನ್ನೊಂದು ಸೇರಿಸಿಕೊಟ್ಟೆ.