ಸಶ್ವಾನ ಪ್ರಯಾಣ ಮೀಮಾಂಸೆ

ನಂಜನಗೂಡಿನಲ್ಲಿ ಒಂದು ಮನೆ. ಮನೆಯಲ್ಲಿ ಗಂಡ, ಹೆಂಡತಿ, ಒಂದು ನಾಯಿ. ತಿ. ನರಸೀಪುರದಲ್ಲಿ ಬೀಗರ ಊಟ. ಯಾರು ಯಾರನ್ನು ಕರೆದುಕೊಂಡು, ಯಾವ ಗಾಡಿ ಹತ್ತಿ, ಏನೇನು ಕಟ್ಟಿಕೊಂಡು ಹೊರಡತಕ್ಕದ್ದು? ಇದು ಈ ಗ್ರಂಥದ ವಿಷಯ. ಪ್ರಯೋಜನವೆಂದರೆ ಬಸ್ಸಿನಲ್ಲಿ ಮರ್ಯಾದೆ ಉಳಿಯುವುದು. ಗ್ರಂಥ ಓದಲು ಅಧಿಕಾರಿ, ಚೈನಿನ ಒಂದು ತುದಿ ಹಿಡಿದವನು. ಸಂಬಂಧ, ಇನ್ನೊಂದು ತುದಿ. ವಿಷಯ ಕ್ಷುಲ್ಲಕವೆಂದು ಮೂಗು ಮುರಿಯುವವರು ನಾಯಿಯನ್ನು ಸಾಕಿಲ್ಲ, ಇಲ್ಲವೇ ಬೀಗರನ್ನು ಕಂಡಿಲ್ಲ.

ಇಂಥ ಚರ್ಚೆಯಲ್ಲಿ ಧರ್ಮರಾಯನ ನಾಯಿಯನ್ನು ಪ್ರಮಾಣವಾಗಿ ಎತ್ತಿಕೊಳ್ಳುವುದು ಪಂಡಿತರ ಚಾಳಿ. ಗ್ರಂಥಕರ್ತನಿಗೆ ಅದು ಸಮ್ಮತವಲ್ಲ. ಆ ನಾಯಿ ಯಾರೂ ಸಾಕಿದ್ದಲ್ಲ, ಬಾ ಎಂದು ಕರೆದದ್ದೂ ಅಲ್ಲ; ಮೇಲಾಗಿ ಸ್ವರ್ಗದ ದಾರಿಯಷ್ಟು ದೂರವೂ ನಡೆದೇ ಹೋಯಿತು. ಟಿಕೆಟ್ಟಿನ ಪ್ರಶ್ನೆಯೇ ಹುಟ್ಟದ ಕಡೆ ಮೀಮಾಂಸೆ ಹುಟ್ಟುವುದಿಲ್ಲ.

ನಮ್ಮೂರಿನ ಪ್ರಮಾಣ ಬೇರೆಯೇ ಇದೆ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣಿನ ಬೇನೆ ಬಂತೆಂದೂ, ಶ್ರೀಕಂಠೇಶ್ವರನಿಗೆ ಹರಕೆ ಹೊತ್ತ ಮೇಲೆ ವಾಸಿಯಾಯಿತೆಂದೂ, ಸುಲ್ತಾನ ಸ್ವಾಮಿಯನ್ನು ‘ಹಕೀಂ ನಂಜುಂಡ’ ಎಂದು ಕರೆದು ಪಚ್ಚೆಯ ಲಿಂಗ ಒಪ್ಪಿಸಿದನೆಂದೂ ಪ್ರತೀತಿ. ಸಾಕುಪ್ರಾಣಿಯನ್ನು ಹೊರಡಿಸುವ ಮುಂಚೆ ವೈದ್ಯರಿಗೆ ತೋರಿಸಬೇಕೆಂಬ ವಿಧಿ ಇದರಿಂದಲೇ ಸಿದ್ಧಿಸುತ್ತದೆ. ಈಗಿನ ಪಶುವೈದ್ಯರು ಪಚ್ಚೆ ಕೇಳುವುದಿಲ್ಲ, ರೇಬಿಸ್ ಲಸಿಕೆಯ ಕಾರ್ಡು ಕೇಳುತ್ತಾರೆ. ಪಚ್ಚೆ ಹೊಂದಿಸುವುದೇ ಸುಲಭವಾಗಿತ್ತೇನೋ. ಕಾರ್ಡು ಬೀರುವಿನಲ್ಲಿ, ಎಲ್‌ಐಸಿ ಬಾಂಡಿಗೂ ಯಾರದೋ ಜಾತಕಕ್ಕೂ ನಡುವೆ ಎಲ್ಲೋ ಇರುತ್ತದೆ. ಹುಡುಕುವಾಗ ಸಿಗುವುದು ಜಾತಕವೇ.

ಸಿದ್ಧತೆಯೆಂದರೆ ಏನೆಂದು ನಿಜವಾಗಿ ಬಲ್ಲವರು ಮುಡುಕುತೊರೆಯ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಬರುವ ರೈತರು. ಹಳ್ಳಿಕಾರ್ ಜೋಡಿಯ ಕೊಂಬು ಹೆರೆದು, ಎಣ್ಣೆ ಸವರಿ, ಕೊರಳಿಗೆ ಗೆಜ್ಜೆ ಕಟ್ಟಿ, ಬೆನ್ನಿಗೆ ಜೂಲು ಹೊದಿಸುತ್ತಾರೆ. ಹುರುಪಿದ್ದವರು ವಾಲಗ ಊದಿಸಿ ಮೆರವಣಿಗೆ ಮಾಡಿಸುತ್ತಾರೆ. ಎತ್ತಿಗೆ ಶಾಮಿಯಾನ, ಯಜಮಾನನಿಗೆ ಶಾಮಿಯಾನದ ಅಂಚಿನ ಬಿಸಿಲು. ಅದೇ ನರಸೀಪುರ ತಾಲ್ಲೂಕಿನ ಬನ್ನೂರು ಕುರಿಯೂ ಬಹುದೂರ ಪ್ರಯಾಣ ಮಾಡಿದ ಜೀವಿಯೇ. ಆದರೆ ಅದರ ಮರುಪ್ರಯಾಣದ ವಿಷಯದಲ್ಲಿ ಶಾಸ್ತ್ರ ಮೌನವಾಗಿದೆ. ಗ್ರಂಥಕರ್ತನೂ ಊಟದ ಮನೆಗೆ ಹೊರಟವನಾದ್ದರಿಂದ ಮಾತು ಬೆಳೆಸುವುದಿಲ್ಲ.

ಇನ್ನು ಮೂಲಸೂತ್ರ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ 1978ರಲ್ಲಿ ಪ್ರಾಣಿ ಸಾಗಾಣಿಕೆ ನಿಯಮಗಳು ಬಂದವು. ನಾಯಿ ಬೆಕ್ಕುಗಳಿಗೆ ಹೊರಡುವ 2 ಗಂಟೆ ಮೊದಲೇ ಉಣಿಸಿ ನೀರು ಕುಡಿಸಿರಬೇಕು. ಹೊರಡುವ ಹೊತ್ತಿಗೆ ಆದಷ್ಟು ಹತ್ತಿರದಲ್ಲಿ ಅಡ್ಡಾಡಿಸಬೇಕು. ದೂರದ ದಾರಿಯಾದರೆ ಬೇಸಿಗೆಯಲ್ಲಿ 4 ಗಂಟೆಗೊಮ್ಮೆ, ಚಳಿಗಾಲದಲ್ಲಿ 6 ಗಂಟೆಗೊಮ್ಮೆ ನೀರು; ಬೆಳೆದದ್ದಕ್ಕೆ 12 ಗಂಟೆಗೊಮ್ಮೆ, ಮರಿಗೆ 4 ಗಂಟೆಗೊಮ್ಮೆ ಊಟ. ಸೋಂಕಿಲ್ಲ, ಪ್ರಯಾಣಕ್ಕೆ ಯೋಗ್ಯ ಎಂದು ವೈದ್ಯರ ಪತ್ರವೂ ಬೇಕು. ಜಾತ್ರೆಯ ದಿನ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುವ ಮನುಷ್ಯನಿಗೆ ಇಷ್ಟು ಕಾಳಜಿಯಿಂದ ಬರೆದ ಸೂತ್ರ ಎಲ್ಲೂ ಕಂಡಿಲ್ಲ. ಅಡ್ಡಾಡಿಸುವ ವಿಧಿಗೆ ಭಾಷ್ಯ ಬೇಕಿಲ್ಲ. ಅದನ್ನು ಮೀರಿದವರ ಪಕ್ಕ ಕೂತವರು ತಾವೇ ಭಾಷ್ಯ ಬರೆಯುತ್ತಾರೆ, ಗಟ್ಟಿ ದನಿಯಲ್ಲಿ.

ಹಿರಿಯರ ಪಾಠಾಂತರ ಒಂದಿದೆ. ‘ಬಾಯಿಲ್ಲದ ಜೀವ ಕನಪ್ಪಾ, ಹಸ್ಕೊಂಡು ಓಗ್ಬಾರ್ದು’ ಎಂದು, ಬೀಳ್ಕೊಡಲು ಬಂದ ಅತ್ತೆ ನಾವು ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಒಂದು ಬಟ್ಟಲು ಮೊಸರನ್ನ ತಂದಿಡುತ್ತಾರೆ. ಸೂತ್ರಕ್ಕೂ ಅತ್ತೆಗೂ ವಿರೋಧ ಬಂದರೆ ಯಾವುದು ಬಲೀಯ? ಸಿದ್ಧಾಂತದಲ್ಲಿ ಸೂತ್ರ, ವ್ಯವಹಾರದಲ್ಲಿ ಅತ್ತೆ. ಆದಕಾರಣ ಚೀಲದಲ್ಲಿ ಹಳೆಯ ಸೀರೆ ಒಂದು, ಹಳೆಯ ಪೇಪರು ಒಂದು ಕಟ್ಟು, ನೀರಿನ ಬಟ್ಟಲು, ಬಿಸ್ಕತ್ತು ಇರಲೇಬೇಕು. ಬಿಸ್ಕತ್ತು ನಾಯಿಗಲ್ಲ, ಹಿಂದಿನ ಸೀಟಿನ ಮಗುವಿಗೆ. ಮಗು ಹೆದರಿ ಅಳದಿದ್ದರೆ ಅರ್ಧ ಬಸ್ಸು ನಮ್ಮ ಕಡೆ.

ರೈಲಿನ ಪಕ್ಷವನ್ನು ಬೇಗ ಮುಗಿಸಬಹುದು. ಮೈಸೂರು–ನಂಜನಗೂಡು ಹಳಿ 1891ರಷ್ಟು ಹಳೆಯದು. ನಾಯಿಗೆಂದು ರೈಲ್ವೆಯಲ್ಲಿ ಪ್ರತ್ಯೇಕ ಪೆಟ್ಟಿಗೆಯ ವ್ಯವಸ್ಥೆಯೂ ಉಂಟು. ನರಸೀಪುರಕ್ಕೆ ರೈಲಿಲ್ಲ. ಕಪಿಲೆಯೊಬ್ಬಳು ಇಲ್ಲಿಂದ ಅಲ್ಲಿಗೆ ದಿನವೂ ನೇರವಾಗಿ ಹೋಗುತ್ತಾಳೆ, ಆದರೆ ಜೊತೆಗೆ ಹತ್ತಿಸಿಕೊಳ್ಳುವುದಿಲ್ಲ.

ಉಳಿದದ್ದು ಸರ್ಕಾರಿ ಬಸ್ಸು. ಮೀಮಾಂಸೆಯ ತಿರುಳು ಇಲ್ಲಿದೆ, ಏಕೆಂದರೆ ಜೀವಿಗಳ ತರತಮವನ್ನು ಕೆಎಸ್‌ಆರ್‌ಟಿಸಿಯಷ್ಟು ಖಚಿತವಾಗಿ ಯಾವ ದರ್ಶನವೂ ಹೇಳಿಲ್ಲ. ನಾಯಿಗೆ ಮೊದಲು ವಯಸ್ಕನ ಪೂರ್ತಿ ಟಿಕೆಟ್ಟಿತ್ತು, ಅಂದರೆ ಅದ್ವೈತ. 2022ರಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು. ಇದು ನಾಯಿಗೆ ರಿಯಾಯಿತಿಯೋ ಹಿಂಬಡ್ತಿಯೋ ಎಂದು ನಿರ್ಣಯವಾಗಿಲ್ಲ. ನಾಯಿ ಅಪೀಲು ಹೋಗಿಲ್ಲ. ರಾಜಹಂಸ, ಎಸಿ ಬಸ್ಸುಗಳಿಗೆ ಅದು ಹತ್ತುವಂತಿಲ್ಲ. ಹಂಸವೆಂದು ಹೆಸರಿಟ್ಟುಕೊಂಡ ಬಸ್ಸಿಗೆ ಪ್ರಾಣಿಗಳು ಆಗುವುದಿಲ್ಲ.

2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಬಸ್ಸಿನಲ್ಲಿ ಅಜ್ಜಿ, ಮೊಮ್ಮಗಳು, ಪಂಜರದಲ್ಲಿ ನಾಲ್ಕು ಲವ್‌ಬರ್ಡ್‌ಗಳಿದ್ದವು. ಹೆಂಗಸರಿಗೆ ದುಡ್ಡಿಲ್ಲದ ಶಕ್ತಿ ಯೋಜನೆಯಲ್ಲಿ ಅಜ್ಜಿ, ಮೊಮ್ಮಗಳು ಉಚಿತ. ಹಕ್ಕಿಗಳನ್ನು ಮಕ್ಕಳೆಂದು ಎಣಿಸಿ, ತಲೆಗೆ 111ರಂತೆ 444 ರೂಪಾಯಿಯ ಟಿಕೆಟ್ ಹರಿದರು. ಆ ಟಿಕೆಟ್ಟಿನ ಚಿತ್ರ ನಾಡೆಲ್ಲ ಸುತ್ತಿತು. ಜನ ನಕ್ಕರು, ನಗಬಾರದಾಗಿತ್ತು. ರೆಕ್ಕೆಯಿದ್ದೂ ಬಸ್ಸು ಹತ್ತಿದವರಿಂದ ದುಡ್ಡು ವಸೂಲು ಮಾಡುವುದರಲ್ಲಿ ಒಂದು ನ್ಯಾಯವಿದೆ.

ಈ ನ್ಯಾಯವನ್ನು ತಪ್ಪಿಸಿಕೊಳ್ಳುವ ಉಪಾಯಗಳೂ ಪರಂಪರೆಯಿಂದ ಬಂದಿವೆ. ಸಂತೆ ದಿನದ ಬಸ್ಸಿನಲ್ಲಿ ಕಿವಿಗೆ ಬೀಳುವ ಸಂವಾದವೊಂದು ಹೀಗಿದೆ:

‘ಏನವ್ವಾ ಅದು ಬುಟ್ಟೀಲಿ?’

‘ಸೊಪ್ಪು ಕನಪ್ಪಾ.’

‘ಸೊಪ್ಪು ಕೊಕ್ಕೊಕ್ಕೋ ಅಂದದಾ?’

‘ಅದ್ಕೇನ್ ಗೊತ್ತು ನೀನ್ ಕಂಡಕ್ಟ್ರು ಅಂತ?’

ಹುಂಜದ ಅಜ್ಞಾನವೇ ಇಲ್ಲಿ ಹೇತು. ನಾಯಿಗೆ ಈ ಮಾರ್ಗ ಹೊಂದದು. ಅದು ಕಂಡಕ್ಟರನ್ನು ಕಂಡೊಡನೆ ಬಾಲ ಆಡಿಸಿ ತನ್ನ ಇರವನ್ನು ತಾನೇ ಸಾರುತ್ತದೆ.

ಪುಣ್ಯದ ಲೆಕ್ಕವನ್ನೂ ಇಲ್ಲೇ ಹೇಳಿಬಿಡಬೇಕು. ನಂಜನಗೂಡು ದಕ್ಷಿಣಕಾಶಿ. ತಿರುಮಕೂಡಲು ನರಸೀಪುರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ನಂಬಿಕೆ, ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿರುವ ಗುಲಗಂಜಿಯೇ ಅದಕ್ಕೆ ಸಾಕ್ಷಿ. ಅಲ್ಲಿಗೆ ಈ ದಾರಿಯಲ್ಲಿ ನಾಯಿಯ ಪುಣ್ಯ ಒಂದು ಗುಲಗಂಜಿಯಷ್ಟು ಏರುತ್ತದೆ. 30 ಕಿಲೋವರೆಗಿನ ಲಗೇಜಿಗೆ ದುಡ್ಡಿಲ್ಲದ್ದರಿಂದ ಕಂಡಕ್ಟರು ಈ ಹೆಚ್ಚುವರಿಯ ಬಗ್ಗೆ ತಕರಾರು ತೆಗೆಯುವಂತಿಲ್ಲ.

ಕೊನೆಯದಾಗಿ ಪೂರ್ವಪಕ್ಷ: ‘ನಾಯಿ ಇರುವುದೇ ಮನೆ ಕಾಯಲು, ಅದನ್ನು ಬಿಟ್ಟು ಗಂಡ ಹೆಂಡತಿ ಹೋಗಿಬರಲಿ.’ ಅಸಂಗತ. ಬಾಗಿಲು ಹಾಕಿದ ಮರುಗಳಿಗೆಯಿಂದ ನಾಯಿ ಊಳಿಡುತ್ತದೆ, ಮನೆಯಲ್ಲಿ ಯಾರೂ ಇಲ್ಲವೆಂದು ಇಡೀ ಬೀದಿಗೆ ತಿಳಿಸುವ ಕಾವಲುಗಾರ ಕಾವಲುಗಾರನಲ್ಲ.

ಹಾಗಾದರೆ ಮೂವರೂ ಹೋಗಲಿ ಎಂದರೆ ಲೆಕ್ಕ ಹೀಗಾಗುತ್ತದೆ. ಹೆಂಡತಿಗೆ ಸೊನ್ನೆ, ನಾಯಿಗೆ ಅರ್ಧ, ಗಂಡನಿಗೆ ಪೂರ್ತಿ. ಒಟ್ಟು ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಒಬ್ಬನದೇ. ಅವನಿಂದ ಬೀಗರಿಗೆ ಆಗಬೇಕಾದದ್ದೂ ಏನಿಲ್ಲ. ಹೋದ ಸಲ ಅವರ ಮನೆಯಲ್ಲಿ ಎಲ್ಲರೂ ಮಾತಾಡಿಸಿದ್ದು ನಾಯಿಯನ್ನೇ. ಅವನನ್ನು ಬಿಟ್ಟುಹೋದರೆ ಊಳಿಡುವುದಿಲ್ಲ, ಟಿವಿ ಹಾಕಿಕೊಳ್ಳುತ್ತಾನೆ, ಮನೆಯಲ್ಲಿ ಜನವಿದ್ದಾರೆಂದು ಬೀದಿಗೆ ತಿಳಿಯುತ್ತದೆ. ಆದ್ದರಿಂದ ಹೆಂಡತಿಯೂ ನಾಯಿಯೂ ಬೆಳಗ್ಗೆ ಮೊದಲ ಬಸ್ಸಿಗೆ ಹೊರಡತಕ್ಕದ್ದು. ಚೈನು ತಿಕ್ಕುವುದು, ಕಾರ್ಡು ಹುಡುಕುವುದು, ಬಸ್‌ಸ್ಟ್ಯಾಂಡಿನ ತನಕ ಚೀಲ ಹೊರುವುದು ಗಂಡನ ಪಾಲಿಗೆ. ಬೆಳೆದದ್ದಕ್ಕೆ 12 ಗಂಟೆಗೊಮ್ಮೆ ಊಟವೆಂಬ ವಿಧಿ ಅವನಿಗೂ ಅನ್ವಯಿಸುತ್ತದೆ. ಬಟ್ಟಲಲ್ಲಿ ಉಳಿದ ಮೊಸರನ್ನ ಮುಚ್ಚಿಟ್ಟಿದೆ.