ಪೆಂಗ್ವಿನಪ್ಪನವರೇ, ನಮ್ಮೂರಿನ ಚಕ್ರ ಜೋಡಿಸಿಕೊಡಿ

ಇವರಿಂದ:
ಒಬ್ಬ ಕನ್ನಡ ಮಾಸ್ತರ, ಬಳಿಚಕ್ರ, ಯಾದಗಿರಿ ಜಿಲ್ಲೆ

ಇವರಿಗೆ:
ಶ್ರೀ ಟಕ್ಸ್ ಪೆಂಗ್ವಿನಪ್ಪನವರು, ಲಿನಕ್ಸ್ ಸಂಸ್ಥಾನದ ಲಾಂಛನ

ವಿಷಯ: ಒಡೆದುಹೋದ ಊರ ಹೆಸರು, ಕಾಣೆಯಾದ ಪ್ರಿಂಟರ್ ಹಾಗೂ ನನ್ನ ಮೇಲೆ ನನಗೇ ಬಂದ ದೂರಿನ ಕುರಿತು
ದಿನಾಂಕ: ಕರೆಂಟ್ ಇದ್ದ ದಿನ

ಮಾನ್ಯರೇ,

ನಾವು ಕ್ಷೇಮ. ನಿಮ್ಮ ಕ್ಷೇಮದ ಬಗ್ಗೆ ಮೊದಮೊದಲು ನನಗೆ ಬಹಳ ಚಿಂತೆಯಿತ್ತು. ಬೇಸಿಗೆ ಏರಿತೆಂದರೆ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಹಿಮದ ಪಕ್ಷಿ, ಭೀಮಾ ತೀರದ ಬಿಸಿಲಿಗೆ ತಾಳೀತೆ ಎಂದು ಕನಿಕರಪಟ್ಟಿದ್ದೆ. ಆಮೇಲೆ ನಿಮ್ಮ ಪೂರ್ವಾಪರ ತಿಳಿಯಿತು. 1991ರಲ್ಲಿ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ಹುಡುಗ, ಇದು ಹವ್ಯಾಸಕ್ಕಷ್ಟೇ, ದೊಡ್ಡದೇನೂ ಆಗುವುದಿಲ್ಲ ಎಂದು ಹೇಳಿಕೊಂಡು ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಹೊರತಂದ. ಮುಂದೆ ಆತ ಆಸ್ಟ್ರೇಲಿಯಾದ ಕ್ಯಾನ್‌ಬೆರಾಕ್ಕೆ ಹೋದಾಗ ನಿಮ್ಮ ಕುಲದ ಪುಟ್ಟ ಹಕ್ಕಿಯೊಂದು ಅವನ ಬೆರಳು ಕಚ್ಚಿತು. ನಮ್ಮ ಕಡೆ ಏನಾದರೂ ಕಚ್ಚಿದರೆ ಸೂಜಿ ಹಾಕಿಸುತ್ತಾರೆ. ಆತ ಕಚ್ಚಿದ್ದನ್ನೇ ಲಾಂಛನ ಮಾಡಿದ. 1996ರಲ್ಲಿ ಲ್ಯಾರಿ ಯೂಯಿಂಗ್ ನಿಮ್ಮ ಚಿತ್ರ ಬರೆದುಕೊಟ್ಟರು. ಆಸ್ಟ್ರೇಲಿಯಾದ ಬಿಸಿಲು ಕಂಡವರಿಗೆ ಯಾದಗಿರಿಯ ಬಿಸಿಲು ಯಾವ ಲೆಕ್ಕ? ಕನಿಕರ ಅಂದಿಗೇ ಹೋಯಿತು. ಉಳಿದದ್ದು ಬೆರಳಿನ ಚಿಂತೆ. ಅಂದು ಕಚ್ಚಿದ್ದು ಒಂದೇ ಬೆರಳನ್ನು. ನನ್ನವು ಹತ್ತೂ ಹೋಗಿವೆ.

ನಿಮ್ಮ ಬಾಗಿಲಿಗೆ ನಾನು ಬಂದದ್ದು ತತ್ವ ಸಿದ್ಧಾಂತ ಓದಿಕೊಂಡಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಚಿಪ್ ಇರಬೇಕಂತೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಮಾಸ್ತರಿಗಾದರೆ ಅರವತ್ತು ತುಂಬುವ ತನಕ ನೌಕರಿ, ಆಮೇಲೆ ಪಿಂಚಣಿ. ಗಟ್ಟಿಮುಟ್ಟಾಗಿದ್ದ ಲ್ಯಾಪ್‌ಟಾಪಿಗೆ ಬೀಳ್ಕೊಡುಗೆಯ ಶಾಲೂ ಇಲ್ಲದೆ ನಿವೃತ್ತಿ ಬಂತು. ಆಗ ನೆನಪಾದವರು ನೀವು. ಹಿಂದೆ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ರಾಜ್ಯದ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಎಂಬ ನಿಮ್ಮ ಅವತಾರವನ್ನು ಕಲಿಸಿದ್ದರು. ಜಿಯೋಜೀಬ್ರಾದಲ್ಲಿ ಗಣಿತದ ಮಾಸ್ತರರು ತ್ರಿಕೋನ ಎಳೆದದ್ದೇ ಎಳೆದದ್ದು. ನಮ್ಮ ಸಿಪಾಯಿ ಉಬುಂಟು ಎಂಬ ಹೆಸರು ಕೇಳಿ, “ಉಂಟು ಅಂದ್ರ ಮಂಗಳೂರ ಕಡಿಂದೇನ್ರೀ ಸರ್? ನಮ್ಮ ಕಡೀದಿದ್ರ ‘ಉಬ್ಬ್ ಅದ’ ಅಂತಿದ್ರು” ಅಂದ. ಅದು ಆಫ್ರಿಕಾದ ಮಾತು, ಎಲ್ಲರೂ ಇದ್ದರೆ ನಾನು ಎಂಬ ಅರ್ಥ ಎಂದೆ. “ಹಂಗಂದ್ರ ಒಬ್ಬನ ಕೈಲಿ ಆಗೂದಲ್ಲ ಅಂದಂಗಾತು” ಎಂದು ಹೊರಟುಹೋದ. ಆತನ ಮಾತು ನನಗೆ ತಿಳಿದದ್ದು ಮೂರು ತಿಂಗಳ ಮೇಲೆ.

ನೀವು ಪುಕ್ಕಟೆ ಎಂಬುದು ನನಗೆ ಮೊದಲು ಹಿಡಿಸಿದ ಸಂಗತಿ. ಆದರೆ ನಿಮ್ಮ ಭಕ್ತರು ಪುಕ್ಕಟೆ ಎಂದರೆ ಸಿಟ್ಟಿಗೇಳುತ್ತಾರೆ, ಸ್ವತಂತ್ರ ಎನ್ನಬೇಕಂತೆ. ಇಂಗ್ಲಿಷಿನ ‘ಫ್ರೀ’ಗೆ ಎರಡೂ ಅರ್ಥ ಇರುವುದರಿಂದ ಪಾಪ, ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ನಲವತ್ತು ವರ್ಷದಿಂದ ಬಿಡಿಸಿ ಹೇಳುತ್ತಲೇ ಇದ್ದಾರೆ. ಬಳಿಚಕ್ರಕ್ಕೆ ಬಂದಿದ್ದರೆ ಅರ್ಧ ತಾಸಿನ ಕೆಲಸವಿತ್ತು. ನಮ್ಮಲ್ಲಿ ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಪುಕ್ಕಟೆ ಸಿಕ್ಕಿದ್ದಕ್ಕೆ ಸಾಲಿನಲ್ಲಿ ನಿಲ್ಲಬೇಕು. ಸ್ವತಂತ್ರನಾದವನು ತನ್ನ ಪಾಡು ತಾನೇ ನೋಡಿಕೊಳ್ಳಬೇಕು. ನೀವು ಎರಡನ್ನೂ ಒಟ್ಟಿಗೆ ಕೊಟ್ಟಿರಿ, ಸಾಲನ್ನೂ ಪಾಡನ್ನೂ.

ಮೊದಲ ದಿನ ವೈಫೈ ಹತ್ತಲಿಲ್ಲ. ಡ್ರೈವರ್ ಇಲ್ಲ ಎಂದಿರಿ. ಸಿಪಾಯಿ ಬಾಗಿಲಲ್ಲೇ ಇದ್ದ. “ಡ್ರೈವರ್ ಇಲ್ಲೇನ್ರೀ? ನಮ್ಮ ತಮ್ಮ ಅದಾನಲ್ರೀ ಸರ್, ಟಂಟಂ ಹೊಡೀತಾನ” ಎಂದ. ಆ ತಮ್ಮನೇ ವಾಸಿ, ಕರೆದರೆ ಬರುತ್ತಾನೆ. ನಿಮ್ಮ ಡ್ರೈವರು ಬರಬೇಕಾದರೆ ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಬೇಕಾದರೆ ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಕಡೆಗೆ ಮೊಬೈಲಿಗೆ ವೈರು ಜೋಡಿಸಿ, ಸಿಗ್ನಲ್ ಸಿಗಲೆಂದು ಮಾಳಿಗೆ ಹತ್ತಿ, ಒಣಗಲು ಹಾಕಿದ ಮೆಣಸಿನಕಾಯಿಯ ಪಕ್ಕ ಕೂತು ಮದುವೆ ಮಾಡಿಸಿದೆ. ಬಂದವರೆಲ್ಲ ಸೀನಿದರು.

ಆಮೇಲೆ ಬಂತು ಕರಿ ಪರದೆ, ನಿಮ್ಮ ಟರ್ಮಿನಲ್. ಏನೇ ಕೇಳಿದರೂ ನಿಮ್ಮವರು ಹೇಳುವುದು ಒಂದೇ: ಟರ್ಮಿನಲ್ ತೆರೆ, ಯಜಮಾನನ ಅಧಿಕಾರಕ್ಕೆ ‘ಸುಡೊ’ ಎಂದು ಬರೆ. ಸಿಪಾಯಿ ಇಣುಕಿ, “ಏನ್ ಸುಡೂದ್ರಿ ಸರ್?” ಎಂದ. ಏನೆಂದು ಹೇಳಲಿ? ಪಾಸ್‌ವರ್ಡ್ ಕೇಳಿದಿರಿ. ಒತ್ತಿದೆ. ಒಂದು ಚುಕ್ಕಿಯೂ ಮೂಡಲಿಲ್ಲ. ಕೀಲಿಮಣೆ ಕೆಟ್ಟಿತೆಂದು ಕೆಡವಿ ಬಡಿದು ಒಂದು ಗುಂಡಿ ಕಿತ್ತ ಮೇಲೆ ಗೊತ್ತಾಯಿತು, ಅದು ಭದ್ರತೆಗಾಗಿ ಕಾಣಿಸದೆ ಇರುವುದಂತೆ. ಸರಿ, ಮತ್ತೆ ಒತ್ತಿದೆ. ತಪ್ಪು ಎಂದಿರಿ. ಮತ್ತೆ ತಪ್ಪು. ಮತ್ತೂ ತಪ್ಪು. ನಾನು ಅಷ್ಟು ಹೊತ್ತೂ ಪಾಸ್‌ವರ್ಡನ್ನು ಕನ್ನಡದಲ್ಲಿ ಒತ್ತುತ್ತಿದ್ದೆ ಸ್ವಾಮಿ. ಮುಂಜಾನೆ ಪ್ರಶ್ನೆಪತ್ರಿಕೆ ಬರೆದವನು ಭಾಷೆ ಬದಲಿಸಲು ಮರೆತಿದ್ದೆ. ಕಾಣದ ಅಕ್ಷರ ಕನ್ನಡದ್ದೋ ಇಂಗ್ಲಿಷಿನದೋ ಯಾವ ಪಂಡಿತ ಹೇಳಬಲ್ಲ?

ಇನ್ನೊಂದು ದಿನ, ಶಾಲೆಯ ಕೆಲಸಕ್ಕೆಂದು ಬೇರೆ ಖಾತೆ ತೆರೆದುಕೊಂಡು ಅದರಲ್ಲಿ ಸುಡೊ ಎಂದೆ. ನಿಮಗೆ ಈ ಅಧಿಕಾರವಿಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು ಎಂದಿರಿ. ನಾನು ನೌಕರಿಯವನು. ವರದಿ ಎಂಬ ಮಾತು ಕೇಳಿದರೆ ಎರಡು ದಿನ ಊಟ ಸೇರುವುದಿಲ್ಲ. ನೋಟಿಸು ಬರುತ್ತದೆಂದು ಸಮಜಾಯಿಷಿ ಬರೆದಿಟ್ಟುಕೊಂಡು ಕೂತೆ. ಆಮೇಲೆ ತಿಳಿಯಿತು, ವರದಿ ಹೋಗುವುದು ಯಂತ್ರದ ಯಜಮಾನನಾದ ‘ರೂಟ್’ಗೆ, ನನ್ನ ಲ್ಯಾಪ್‌ಟಾಪಿನಲ್ಲಿ ರೂಟ್ ಎಂದರೆ ನಾನೇ. ದೂರು ಕೊಟ್ಟವರು ನೀವು, ಅಪರಾಧಿ ನಾನು, ವಿಚಾರಣಾಧಿಕಾರಿಯೂ ನಾನು. ಇಂಥ ಅನುಕೂಲ ಎಲ್ಲ ಇಲಾಖೆಗಳಿಗೂ ವಿಸ್ತರಿಸಬೇಕೆಂದು ಕೋರುತ್ತೇನೆ. ಸಮಜಾಯಿಷಿಯನ್ನು ಒಪ್ಪಿಕೊಂಡು ನನ್ನನ್ನು ಎಚ್ಚರಿಸಿ ಬಿಟ್ಟಿದ್ದೇನೆ.

ಇನ್ನು ಕನ್ನಡ. ಮೆನುಗಳನ್ನು ಕನ್ನಡಕ್ಕೆ ತಂದ ಸ್ವಯಂಸೇವಕರಿಗೆ ಮೊದಲು ನಮಸ್ಕಾರ. ಸಂಬಳವಿಲ್ಲದೆ ಸಾವಿರಾರು ಸಾಲು ತಿದ್ದಿದವರು ಅವರು. ಮೊದಲ ಮೆನು ‘ಕಡತ’. ಎರಡನೆಯದು ‘ಸಂಪಾದನೆ’. ಹೆಂಡತಿಯನ್ನು ಕರೆದು, ನೋಡು, ಸಂಪಾದನೆ ಇಲ್ಲೇ ಇದೆ ಎಂದು ಒತ್ತಿ ತೋರಿಸಿದೆ. ಕತ್ತರಿಸು, ಅಂಟಿಸು ಎಂದಿತ್ತು. “ಕತ್ತರಿಸೂದು ದಿನಾ ನಡದೇ ಅದಲ್ರೀ, ಬರೂದು ಯಾವಾಗ?” ಎಂದಳು.

ಹಳೆಯ ಸುತ್ತೋಲೆಗಳ ಕಥೆ ಬೇರೆ. ಅವು ಆಸ್ಕಿ ಫಾಂಟುಗಳ ಕಾಲದವು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡ ಬಾಡಿಗೆಗೆ ಇದ್ದ ಕಾಲ. ಆ ಫಾಂಟಿಲ್ಲದ ನಿಮ್ಮಲ್ಲಿ ತೆರೆದರೆ ‘ಕನ್ನಡ’ ಎಂಬುದು ಒಂದು ‘ಪಿ’ಯಿಂದ ಶುರುವಾಗಿ, ನೆತ್ತಿಗೆ ಗೀಟು ಸಿಕ್ಕಿಸಿಕೊಂಡ ‘ಎ’ಯನ್ನು ದಾಟಿ, ‘ನ’ ಇರಬೇಕಾದಲ್ಲಿ ಪೌಂಡಿನ ಗುರುತಿಗೆ ಬಂದು ನಿಲ್ಲುತ್ತದೆ. ನಮ್ಮದು ನಿಜಾಮರ ಸೀಮೆ, ಹಾಲಿ ಸಿಕ್ಕಾ ಚಲಾವಣೆಯಲ್ಲಿದ್ದ ನೆಲ. ಬ್ರಿಟಿಷರ ಕಾಲದಲ್ಲೂ ಬಾರದ ಪೌಂಡು ರಜೆಯ ಸುತ್ತೋಲೆಯ ಬೆನ್ನು ಹತ್ತಿ ಬಂತು. ಯುನಿಕೋಡಿಗೆ ಬದಲಿಸಿಕೊಡುವ ಪರಿವರ್ತಕಗಳನ್ನು ಕನ್ನಡದವರೇ ಮಾಡಿಟ್ಟಿದ್ದಾರೆ. ಅಂಥದೊಂದು ಸಿಕ್ಕುವಷ್ಟರಲ್ಲಿ ಸುತ್ತೋಲೆ ಹೇಳಿದ ರಜೆಯೇ ಮುಗಿದಿತ್ತು.

ನಿಮ್ಮ ಒಂದು ಗುಣ ಮಾತ್ರ ಎದೆ ತುಂಬಿಸಿತು. ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡದ ಮುಂದೆ ‘ಕಗಪ’ ಎಂದಿದೆ. ಕನ್ನಡ ಗಣಕ ಪರಿಷತ್ತು! ಹಿಂದಿ, ಮರಾಠಿ, ಸಂಸ್ಕೃತ, ತೆಲುಗುಗಳ ಮುಂದೆಯೂ ಅದೇ ಕಗಪ. ಅದರ ಬೇರು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿದೆ. ಅದನ್ನು ಅವರು ಕನ್ನಡಿಗರಿಗೆ ಪುಕ್ಕಟೆಯಾಗಿಯೂ ಸ್ವತಂತ್ರವಾಗಿಯೂ ಬಿಟ್ಟುಕೊಟ್ಟರು, ಯಾವ ಚಳವಳಿಯ ಬ್ಯಾನರೂ ಕಟ್ಟದೆ. ಇಲ್ಲಿಂದ ತೆಲಂಗಾಣದ ಗಡಿ ದೂರವಿಲ್ಲ. ಗಡಿಯಾಚೆ ಯಾರೋ ನಿಮ್ಮಲ್ಲಿ ತೆಲುಗು ಒತ್ತುವಾಗ ಬೆರಳು ಓಡುವ ದಾರಿ ಕನ್ನಡದ್ದಾಗಿರಬಹುದು. ಕೆ.ಪಿ. ರಾವ್ ಮಂಗಳೂರು ಕಡೆಯವರೆಂದು ಸಿಪಾಯಿಗೆ ಹೇಳಿದೆ. “ನಾ ಮೊದ್ಲೇ ಅಂದಿದ್ನಲ್ರೀ, ಉಂಟು ಅಂತ” ಎಂದ.

ಆದರೆ ಅದೇ ಬೆರಳಿನಿಂದ ನಿಮ್ಮ ಕರಿ ಪರದೆಯಲ್ಲಿ ನನ್ನ ಊರಿನ ಹೆಸರು ಒತ್ತಿದೆ. ಮೂಡಿದ್ದು ‘ಬಳಿಚಕ್‌ರ’. ಚಕ್ರ ಮುರಿದಿತ್ತು. ಕ ಒಂದು ಕಡೆ, ರ ಇನ್ನೊಂದು ಕಡೆ, ಕೀಲು ಕಳಚಿದ ಬಂಡಿಯ ಗಾಲಿಯಂತೆ. ಕಾರಣ ಹುಡುಕಿದೆ. ಟರ್ಮಿನಲ್ ಎಂದರೆ ಸಾಲುಮನೆ. ಒಂದು ಗುರುತಿಗೆ ಒಂದು ಕೋಣೆ, ಎಲ್ಲ ಕೋಣೆಗಳೂ ಒಂದೇ ಅಳತೆ. ಇಂಗ್ಲಿಷ್ ಅಕ್ಷರಗಳು ಬೇರೆಬೇರೆ ಒಲೆ ಹೂಡಿದವು, ಆ ಕೋಣೆಗಳು ಅವಕ್ಕೆ ಸಾಕು. ಕನ್ನಡದ್ದು ಕೂಡುಕುಟುಂಬ. ‘ರ’ ತಮ್ಮ ‘ಕ’ ಅಣ್ಣನ ಕಾಲಬುಡದಲ್ಲಿ ಒತ್ತಾಗಿ ಕೂತಿರಬೇಕು, ‘ಇ’ಕಾರ ‘ಳ’ದ ನೆತ್ತಿಯ ಮೇಲಿರಬೇಕು. ಪತ್ರ ಬರೆಯುವ ತಂತ್ರಾಂಶದಲ್ಲಿ ಎಲ್ಲರೂ ಹೊಂದಿಕೊಂಡು ಇರುತ್ತಾರೆ. ಕರಿ ಪರದೆಗೆ ಬಂದೊಡನೆ ಪಾಲು ಮಾಡಿ ಕಳಿಸುತ್ತೀರಿ. ಯಂತ್ರದ ಯಜಮಾನಿಕೆ ಚಲಾಯಿಸುವ ಗದ್ದಿಗೆ ಅದು. ಅಲ್ಲಿ ಕೂತು ಏನನ್ನಾದರೂ ಅಳಿಸಬಲ್ಲೆ, ನನ್ನ ಊರಿನ ಹೆಸರು ಮಾತ್ರ ನೆಟ್ಟಗೆ ಬರೆಯಲಾರೆ. ನನ್ನ ಫಿರ್ಯಾದಿನ ಮುಖ್ಯ ಕಲಮು ಇದೇ.

ಪ್ರಿಂಟರಿನ ವಿಷಯಕ್ಕೆ ಎರಡೇ ಮಾತು. 1980ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ಒಂದು ಲೇಸರ್ ಪ್ರಿಂಟರಿನ ಬಾಯಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸರಿಪಡಿಸುತ್ತೇನೆ ಎಂದ ಸ್ಟಾಲ್‌ಮನ್‌ಗೆ ಅದರ ತಂತ್ರಾಂಶದ ಮೂಲ ಕೊಡಲಿಲ್ಲ. ಆ ಸಿಟ್ಟೂ ಸೇರಿ 1983ರಲ್ಲಿ ಗ್ನೂ ಯೋಜನೆ ಹುಟ್ಟಿತು, ನಿಮ್ಮ ಮನೆತನಕ್ಕೆ ಬುನಾದಿ ಬಿತ್ತು. ನಿಮ್ಮ ವಂಶವೃಕ್ಷದ ಬುಡದಲ್ಲಿರುವುದೇ ಒಂದು ಪ್ರಿಂಟರು. ಇವತ್ತು ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ ನೀವಿಲ್ಲದ ಒಂದೂ ಇಲ್ಲ. 2021ರಲ್ಲಿ ಮಂಗಳ ಗ್ರಹದ ಮೇಲೆ ಹಾರಿದ ಪುಟ್ಟ ಹೆಲಿಕಾಪ್ಟರಿನ ಒಳಗೂ ನೀವೇ ಇದ್ದಿರಿ. ಅಷ್ಟು ದೂರ ಹೋದವರಿಗೆ ಮೂರಡಿ ಆಚೆ ಮೇಜಿನ ಮೇಲಿರುವ ನನ್ನ ಪ್ರಿಂಟರು ಕಾಣುವುದಿಲ್ಲವೆ?

ಇಷ್ಟೆಲ್ಲ ಬಯ್ದರೂ ನಿಮ್ಮನ್ನು ಬಿಟ್ಟಿಲ್ಲ ಏಕೆ ಎಂದರೆ, ಮೊನ್ನೆಯ ಒಂದು ಘಟನೆ ಹೇಳಬೇಕು. ನಮ್ಮ ಓಣಿಯ ಮುತ್ಯಾ ಬೆರಳ ಗುರುತು ಹಿಡಿಯುವ ಯಂತ್ರದ ಮುಂದೆ ನಿಂತಿದ್ದ. ಆಯುಷ್ಯವೆಲ್ಲ ಹತ್ತಿ ಬಿಡಿಸಿ, ತೊಗರಿ ಕೊಯ್ದು ಬೆರಳ ಗೆರೆ ಸವೆದಿವೆ. ಐದು ಸಲ ಒತ್ತಿದ. ಯಂತ್ರ ಒಪ್ಪಲಿಲ್ಲ. ಯಾಕೆ ಎಂದು ಕೇಳಿದರೆ ಅದಕ್ಕೆ ಬಾಯಿಲ್ಲ, ಎದುರಿಗಿದ್ದ ಹುಡುಗನಿಗೆ ಗೊತ್ತಿಲ್ಲ. “ನಾಳಿ ಬಾ ಮುತ್ಯಾ, ಸರ್ವರ್ ಇಲ್ಲ” ಎಂದ. ಮುತ್ಯಾ ನನ್ನ ಕಡೆ ತಿರುಗಿ, “ಮಾಸ್ತರ, ಆ ಸರ್ವರ್ ಯಾವೂರವ? ಬಂದಾಗೊಮ್ಮೆ ಊರಾಗ ಇರಂಗಿಲ್ಲಲ್ಲ” ಎಂದ.

ಆಗ ನನಗೆ ನಿಮ್ಮ ಕರಿ ಪರದೆ ನೆನಪಾಯಿತು. ನೀವು ಕಚ್ಚುತ್ತೀರಿ ನಿಜ. ಆದರೆ ಯಾಕೆ ಕಚ್ಚಿದಿರಿ, ಎಲ್ಲಿ ಕಚ್ಚಿದಿರಿ, ಎಷ್ಟನೇ ಸಾಲಿನಲ್ಲಿ ಕಚ್ಚಿದಿರಿ ಎಂದು ಉದ್ದಕ್ಕೆ ಬರೆದುಕೊಡುತ್ತೀರಿ. ಇಂಗ್ಲಿಷಿನಲ್ಲಿ ಬರೆಯುತ್ತೀರಿ ಎಂಬುದು ನನ್ನ ತಕರಾರು. ಬರೆಯುವುದಿಲ್ಲ ಎಂಬ ತಕರಾರು ಇಲ್ಲ. ಮುತ್ಯಾನ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಇರುವುದು ನೀವೇ, ಆದರೆ ಅಲ್ಲಿ ನಿಮ್ಮ ಬಾಯಿಗೆ ಬಟ್ಟೆ ತುರುಕಿದ್ದಾರೆ.

ಆದ್ದರಿಂದ ನನ್ನ ಬೇಡಿಕೆಗಳು ಮೂರೇ. ಒಂದು, ಬಯ್ಯುವುದಿದ್ದರೆ ಕನ್ನಡದಲ್ಲಿ ಬಯ್ಯಿರಿ. ಎರಡು, ಪ್ರಿಂಟರನ್ನು ನಿಮ್ಮ ಹಿರಿಯರೆಂದು ತಿಳಿದು ಗುರುತಿಸಿರಿ. ಮೂರು, ಗದ್ದಿಗೆಯ ಮೇಲಿನ ಸಾಲುಮನೆಯ ಗೋಡೆ ಒಡೆದು ಕೂಡುಕುಟುಂಬಕ್ಕೆ ಒಂದು ಪಡಸಾಲೆ ಮಾಡಿ, ನಮ್ಮ ಚಕ್ರ ಜೋಡಿಸಿಕೊಡಿರಿ. ಮೂಲ ತೆರೆದೇ ಇದೆ, ನೀವೇ ಬಂದು ತಿದ್ದಿಕೊಳ್ಳಿ ಎಂದು ನಿಮ್ಮವರು ಉತ್ತರಿಸುತ್ತಾರೆಂದು ಗೊತ್ತು. ನಾನು ಒತ್ತಕ್ಷರ ಕಲಿಸುವವನು, ಗೋಡೆ ಒಡೆಯಲು ಬಾರದು. ಆದರೆ ನನ್ನ ತರಗತಿಯಲ್ಲಿ ಈಗ ಐವತ್ತೆರಡು ಮಂದಿ ಇದ್ದಾರೆ. ಪಾಸ್‌ವರ್ಡ್ ಕೊಟ್ಟಿದ್ದೇನೆ. ಈ ಘಟನೆಯನ್ನು ಬೇಕಾದರೆ ವರದಿ ಮಾಡಿಕೊಳ್ಳಿ.

ತಮ್ಮ ವಿಶ್ವಾಸಿ,
ಬಳಿಚಕ್ರದ ಮಾಸ್ತರ

ಪ್ರತಿಗಳು:
1. ರೂಟ್ ಅವರಿಗೆ, ಎಂದರೆ ನನಗೆ, ಮಾಹಿತಿಗಾಗಿ.
2. ಟಂಟಂ ಡ್ರೈವರಿಗೆ, ನಿಮ್ಮ ಡ್ರೈವರು ಬಾರದಿದ್ದರೆ ಮುಂದಿನ ಕ್ರಮಕ್ಕಾಗಿ.
3. ಕಡತಕ್ಕೆ. ಮೆನುವಿನಲ್ಲಿರುವುದಕ್ಕಲ್ಲ, ಕಪಾಟಿನಲ್ಲಿರುವುದಕ್ಕೆ.

ಲಗತ್ತು: ಕಚ್ಚಿಸಿಕೊಂಡ ಬೆರಳಿನ ಗುರುತು, ಹತ್ತು.